ನಾನೇ ಬರೆದುಕೊಟ್ಟ ಮುಚ್ಚಳಿಕೆ

ನಮ್ಮ ಚರ್ಚಿನಲ್ಲಿ ಈಗ ಎಲ್ಲದಕ್ಕೂ ಒಂದು ಫಾರ್ಮ್ ಇದೆ. ಕಾರು ನಿಲ್ಲಿಸಲು ಫಾರ್ಮ್, ಮಗುವಿನ ದೀಕ್ಷಾಸ್ನಾನಕ್ಕೆ ಫಾರ್ಮ್, ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಇಟ್ಟುಕೊಳ್ಳಲು ಹಾಲ್ ಬೇಕಿದ್ದರೆ ಎರಡು ಫಾರ್ಮ್. ಕಳೆದ ವರ್ಷ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಮುದುಕರು ತೀರಿಕೊಂಡಾಗ ಅವರ ಮಗಳು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತುಕೊಂಡೇ ಕುಟುಂಬದ ಸದಸ್ಯತ್ವದ ನಂಬರನ್ನು ಫೋನಿನಲ್ಲಿ ಹುಡುಕುತ್ತಿದ್ದಳು. ಅದನ್ನು ಕಣ್ಣಾರೆ ಕಂಡು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಫಾರ್ಮುಗಳ ಮೇಲೆ ಸಿಟ್ಟಾಗುವ ಹಕ್ಕು ನನಗೆ ಎಷ್ಟಿದೆ ಎಂಬುದನ್ನು ಓದುವವರೇ ತೀರ್ಮಾನಿಸಬೇಕು. ಅವುಗಳಲ್ಲೆಲ್ಲ ಅತಿ ಕೆಟ್ಟದ್ದನ್ನು ಬರೆದವಳು ನಾನೇ.

ನಮ್ಮದು ಧಾರವಾಡದ ಕಡೆಯ ಮಿಷನ್ ಕ್ರೈಸ್ತರ ಮನೆತನ. ವಿಮೆ ಕಚೇರಿಯ ನೌಕರಿ ನನ್ನನ್ನು ಗುಜರಾತಿಗೆ ತಂದು ಹಾಕಿತು. ಮೊದಲು ಸೂರತ್, ಆಮೇಲೆ ವಡೋದರಾ, ಕೊನೆಗೆ ಅಹಮದಾಬಾದ್. ಪ್ರತಿ ವರ್ಗಾವಣೆಯಲ್ಲೂ ಮಗನ ಶಾಲೆಯ ಸರ್ಟಿಫಿಕೇಟಿನ ಜೊತೆ ಚರ್ಚಿನ ಸದಸ್ಯತ್ವದ ಪತ್ರವನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಊರು ಬಿಡುತ್ತಿದ್ದೆವು. ನಿವೃತ್ತಿಯಾದ ಮೇಲೆ ನಾನೂ ನನ್ನ ಯಜಮಾನರೂ ಬೋಡಕ್‌ದೇವ್‌ನ ಒಂದು ಫ್ಲಾಟಿನಲ್ಲಿ ಉಳಿದುಬಿಟ್ಟೆವು. ಮಗ ನನ್ನ ಜೊತೆ ಕನ್ನಡದಲ್ಲಿ ಜಗಳ ಶುರುಮಾಡಿ ಗುಜರಾತಿಯಲ್ಲಿ ಮುಗಿಸುತ್ತಾನೆ. ನನಗೆ ಗುಜರಾತಿ ಓದಲು, ಬರೆಯಲು, ಕಾನೂನಿನ ಭಾಷೆಯಲ್ಲಿ ಪತ್ರ ತಯಾರಿಸಲು ಎಲ್ಲ ಬರುತ್ತದೆ. ಅದೇ ನನಗೆ ಮುಳುವಾಯಿತು.

ನಮ್ಮಜ್ಜ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಹಳೇ ಮಿಷನ್ನಿನವರೆಲ್ಲ ದೇವದೂತರಾಗಿದ್ದರು ಎಂದು ನಾನು ಹೇಳುವುದಿಲ್ಲ. ಔಷಧಿಯ ಜೊತೆಗೆ ಒಂದು ಗುಟುಕು ಬೈಬಲ್ ಪ್ರಸಂಗವನ್ನೂ ಕುಡಿಸಿಯೇ ಕಳಿಸುತ್ತಿದ್ದರು, ಬಂದವರೂ ಅದನ್ನು ಮಿಕ್ಸ್ಚರಿನಷ್ಟೇ ಕಹಿ ಮುಖ ಮಾಡಿಕೊಂಡು ನುಂಗುತ್ತಿದ್ದರು. ಆದರೆ ಸುತ್ತಲಿನ ಊರಿನವರಿಗೆ ಆ ಕಾಂಪೌಂಡು ತಮ್ಮದೇ ಆಗಿತ್ತು. ಜ್ವರ ಬಂದರೆ ಅಲ್ಲಿ, ಹೆರಿಗೆಗೆ ಅಲ್ಲಿ, ಮಗಳಿಗೆ ನಾಲ್ಕಕ್ಷರ ಕಲಿಸಬೇಕೆಂದರೆ ಅಲ್ಲಿ. ಭಾನುವಾರ ಒಳಗೆ ಯಾರು ಕೂರುತ್ತಾರೆ ಎಂಬುದು ಬೇರೆ ಮಾತು, ವಾರದ ಉಳಿದ ಆರು ದಿನ ಅದು ಎಲ್ಲರ ಜಾಗ.

ಆ ಥರದ್ದನ್ನು ನಾನು ದೊಡ್ಡವಳಾದ ಮೇಲೆ ಒಂದೇ ಒಂದು ಸಲ ನೋಡಿದೆ. ತಾಪಿ ನದಿ ಉಕ್ಕಿ ಸೂರತ್ ಊರೊಳಗೆ ನುಗ್ಗಿದ ವರ್ಷ ನಾವು ಅಲ್ಲಿದ್ದೆವು. ಕತಾರ್‌ಗಾಮ್‌ನ ವಜ್ರದ ಕಾರ್ಖಾನೆಗಳ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮ ಚರ್ಚಿಗೆ ಬಂದರು. ಪಾಸ್ಟರು ಬೆಂಚುಗಳನ್ನು ಎರಡೆರಡು ಜೋಡಿಸಿ ಮಂಚ ಮಾಡಿದರು, ಪ್ರಸಂಗಪೀಠದ ಮೇಲೆ ಹಾಲಿನ ಪುಡಿಯ ಡಬ್ಬಿಗಳನ್ನು ಪೇರಿಸಿದರು. ನಾವು ಹೆಂಗಸರು ದೊಡ್ಡ ಪಾತ್ರೆಯಲ್ಲಿ ಖಿಚಡಿ ತಿರುವಿ ತಿರುವಿ ತೋಳು ಬಾವು ಬರಿಸಿಕೊಂಡೆವು. ಯಾರ ಹೆಸರನ್ನೂ ಯಾರೂ ಬರೆದುಕೊಳ್ಳಲಿಲ್ಲ. ನೀರು ಇಳಿದ ಮೇಲೆ ಅವರು ಚರ್ಚನ್ನು ಗುಡಿಸಿ ಒರೆಸಿ ಹೋದರು.

ಈಗ ನಾನು ಹೋಗುವ ಚರ್ಚು ನವರಂಗಪುರದ ಹತ್ತಿರ ಇದೆ. ಕಾಲೇಜು, ಅಂಗಡಿ, ಆಟೋಗಳ ಗದ್ದಲದ ನಡುವೆ ದೊಡ್ಡ ಕಾಂಪೌಂಡು. ಒಳಗೆ ಗೋಡೆಯ ಅಗಲಕ್ಕೂ ಪರದೆ ಹಾಕಿಸಿದ್ದಾರೆ, ಹಾಡಿನ ಸಾಲುಗಳು ಅದರ ಮೇಲೆ ಬರುತ್ತವೆ, ಹಿಂದೆ ಯಾವುದೋ ಜಲಪಾತ ಧುಮುಕುತ್ತಿರುತ್ತದೆ. ಕಮಿಟಿ ಸಭೆಯಲ್ಲಿ ಕುರ್ಚಿಗಳ ಗವಸು ಬಿಳಿ ಇರಬೇಕೋ ಕೆನೆಬಣ್ಣ ಇರಬೇಕೋ ಎಂದು ಮುಕ್ಕಾಲು ಗಂಟೆ ಚರ್ಚೆ ನಡೆದಾಗ ನಾನು ಅಲ್ಲೇ ಕೂತು ತಲೆ ಚಚ್ಚಿಕೊಂಡಿದ್ದೇನೆ. ಗೇಟಿನ ಬಳಿಯ ಕೋಣೆಯಲ್ಲಿ ಹಿಂದೆ ದವಾಖಾನೆ ಇತ್ತು. ಮುಚ್ಚಿ ವರ್ಷಗಳಾದವು, ಬೋರ್ಡನ್ನು ತೆಗೆಯಲು ಮಾತ್ರ ಯಾರಿಗೂ ಪುರುಸೊತ್ತಾಗಿಲ್ಲ.

ಆ ಬೋರ್ಡನ್ನು ನಂಬಿಕೊಂಡೇ ಅವಳು ಬಂದದ್ದು. ಒಂದು ಭಾನುವಾರ ಆರಾಧನೆ ಮುಗಿದು ಹೊರಗೆ ಬರುತ್ತಿದ್ದೆ. ಗೇಟಿನಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಹರುಕು ಹಿಂದಿಯಲ್ಲಿ ವಾಚ್‌ಮನ್‌ನನ್ನು ಏನೋ ಕೇಳುತ್ತಿದ್ದಳು. ದವಾಖಾನೆ ಬಂದ್ ಆಗಿದೆ ಎಂದು ಅವನು ಕೈ ಆಡಿಸಿದ.

"ಅಯ್ಯೋ ದೇವ್ರೆ, ಇನ್ ಎಲ್ಲಿಗ್ ಹೋಪುದ್ ನಾನ್?" ಎಂದು ಅವಳು ತನಗೆ ತಾನೇ ಅಂದುಕೊಂಡಳು.

ಕುಂದಾಪುರದ ಕನ್ನಡ ಕಿವಿಗೆ ಬಿದ್ದರೆ ಅಹಮದಾಬಾದಿನಲ್ಲಿ ಯಾರ ಕಾಲು ಮುಂದೆ ಹೋಗುತ್ತದೆ? ನಿಂತು ಮಾತಾಡಿಸಿದೆ. ಅವಳ ಗಂಡ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಮಾಸ್ತರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತೂ ತೊದಲುತ್ತಿತ್ತು. ಹೋಟೆಲಿನವರು ಕೊಟ್ಟ ಕೋಣೆಯಲ್ಲೇ ಇದ್ದರು. ಕೋಣೆ ಉಳಿಯಲಿ ಎಂದು ಇವಳೇ ಈಗ ಅಡುಗೆಮನೆಯಲ್ಲಿ ಕಾಯಿ ತುರಿಯುವ, ತರಕಾರಿ ಹೆಚ್ಚುವ ಕೆಲಸಕ್ಕೆ ನಿಂತಿದ್ದಳು. ಧರ್ಮಾಸ್ಪತ್ರೆಯಲ್ಲಿ ಪ್ರತಿ ಬುಧವಾರ ಬೆಳಿಗ್ಗೆ ಮಾತ್ರೆಗಳನ್ನು ಸಣ್ಣ ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ, ಯಾವಾಗ, ಎಷ್ಟು ಎಂದು ಮೇಲೆ ಗುಜರಾತಿಯಲ್ಲಿ ಗೀಚಿ ಕೊಡುತ್ತಿದ್ದರು. ವಾರ ವಾರ ಬದಲಾಗುತ್ತಿತ್ತು. ಹೋಟೆಲಿನ ಮ್ಯಾನೇಜರು ಒಂದು ಸಲ ಓದಿ ಹೇಳಿದ, ಎರಡು ಸಲ ಹೇಳಿದ, ಮೂರನೇ ಸಲ ಮುಖ ಸಿಂಡರಿಸಿದ. ಅವಳ ಹತ್ತಿರ ಇದ್ದದ್ದು ಬಟನ್ ಫೋನು, ಫೋಟೋ ಕಳಿಸುವ ಮಾತೇ ಇಲ್ಲ. ಹಿಂದಿನ ವಾರ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದರ ಬದಲು ಎರಡು ಕೊಟ್ಟಿದ್ದಳು. ಗಂಡ ಬೆವೆತು, ಕಣ್ಣು ಮೇಲೆ ಮಾಡಿ ಬಿದ್ದಿದ್ದ.

"ಊರಲ್ಲಿ ಐದ್ನೇ ಕ್ಲಾಸ್ ತನ್ಕ ಹೋಯಿದೆ ಅಕ್ಕಾ. ಕನ್ನಡ ಓದ್ತೆ. ಈ ಅಕ್ಷರ ಒಂದ್ ಗೊತ್ತಿಲ್ಲೆ," ಎಂದಳು.

ಹೀಗೆ ಬುಧವಾರದ ಮಧ್ಯಾಹ್ನದ ತರಗತಿ ಶುರುವಾಯಿತು. ಚರ್ಚಿನ ಪಕ್ಕದ ಹಾಲ್ ಖಾಲಿ ಬಿದ್ದಿತ್ತು. ಮೊದಲು ಅವಳೊಬ್ಬಳೇ. ಆಮೇಲೆ ಇಸ್ತ್ರಿ ಮಾಡುವ ಒಬ್ಬ ವಯಸ್ಸಾದ ಗುಜರಾತಿ ಹೆಂಗಸು, ಅವಳ ಸೊಸೆ, ಮನೆಗೆಲಸ ಮಾಡುವ ಐವರು, ಒಟ್ಟು ಎಂಟು ಜನ. ಪ್ರಾರ್ಥನೆ ಇಲ್ಲ, ಪ್ರಸಂಗ ಇಲ್ಲ. ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಶಾಲೆಯ ಚೀಟಿ, ಇಷ್ಟೇ ನಮ್ಮ ಪಠ್ಯ. ಕುಂದಾಪುರದವಳು ಎಲ್ಲರಿಗಿಂತ ಚುರುಕು. ನಾಲ್ಕು ತಿಂಗಳಲ್ಲಿ ಅಚ್ಚಿನ ಅಕ್ಷರಗಳನ್ನು ಬೆರಳಿಟ್ಟು ಓದತೊಡಗಿದಳು. ಆದರೆ ಪೊಟ್ಟಣದ ಮೇಲಿನದು ಕೈಬರಹ, ಅದೂ ಔಷಧಿ ಕೊಡುವವರ ಅವಸರದ ಕೈಬರಹ. ಅದನ್ನು ಬಿಡಿಸಿ ಓದುವುದನ್ನು ಮುಂದಿನ ತಿಂಗಳಿಂದ ಹಿಡಿಯೋಣ ಎಂದುಕೊಂಡಿದ್ದೆವು. ಅಲ್ಲಿಯತನಕ ಪ್ರತಿ ಬುಧವಾರ ಅವಳ ಪೊಟ್ಟಣಗಳನ್ನು ನಾನೇ ಓದಿ ಹೇಳುತ್ತಿದ್ದೆ.

ಅಷ್ಟರಲ್ಲಿ ಇಬ್ಬರು ಗಂಡಸರು ಬೈಕಿನಲ್ಲಿ ಬಂದು, ಬುಧವಾರ ಇಲ್ಲಿ ಯಾವ ಹೆಂಗಸರು ಸೇರುತ್ತಾರೆ, ಏಕೆ ಸೇರುತ್ತಾರೆ ಎಂದು ವಾಚ್‌ಮನ್‌ನನ್ನು ಕೇಳಿದರು. ಗೇಟಿನ ಫೋಟೋ ತೆಗೆದುಕೊಂಡು ಹೋದರು. ಬೈಯಲಿಲ್ಲ, ಬೆದರಿಸಲೂ ಇಲ್ಲ. ಕೇಳಿದರು, ಹೋದರು, ಅಷ್ಟೇ. ನಮ್ಮ ಕಮಿಟಿಗೆ ಅಷ್ಟು ಸಾಕಾಯಿತು.

ಮರುದಿನವೇ ತುರ್ತು ಸಭೆ. ಕಾರ್ಯದರ್ಶಿಗಳು ನಡಿಯಾದ್ ಕಡೆಯ ನಿವೃತ್ತ ಶಾಲಾ ಮಾಸ್ತರು, ಒಳ್ಳೆಯ ಮನುಷ್ಯರು. ಹೆದರಿದಾಗ ಅವರ ಒಳ್ಳೆಯತನ ಎಲ್ಲಿ ಅಡಗಿಕೊಳ್ಳುತ್ತದೋ ಗೊತ್ತಿಲ್ಲ. ಅವರ ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. ಅವರ ಊರಿನಲ್ಲಿ ಒಂದು ಮನೆಯ ಪ್ರಾರ್ಥನೆಗೆ ಜನ ನುಗ್ಗಿ ಹಾರ್ಮೋನಿಯಂ ಒಡೆದುಹಾಕಿದ್ದರು, ಅದು ಅವರ ಅಣ್ಣನ ಮನೆ.

"ಬೇನ್, ನಿಮ್ಮ ತರಗತಿ ಒಳ್ಳೇದೇ," ಎಂದರು ಅವರು ಗುಜರಾತಿಯಲ್ಲಿ. "ಆದರೆ ನಾಳೆ ಯಾರಾದರೂ ಮತಾಂತರ ಅಂತ ಪೊಲೀಸರಿಗೆ ಬರೆದುಕೊಟ್ಟರೆ ಜೈಲಿಗೆ ಹೋಗೋರು ಯಾರು? ನೀವು, ಪಾಳಕ್ ಸಾಹೇಬರು, ನಾನು."

ಪಾಳಕ್ ಸಾಹೇಬರು ಎಂದರೆ ಪಾಸ್ಟರು. ಮೂವತ್ತು ದಾಟದ, ಮೃದು ಮಾತಿನ ಮನುಷ್ಯ. ಅವರು ಕಣ್ಣು ಮುಚ್ಚಿ, "ಪ್ರಾರ್ಥಿಸೋಣ," ಎಂದರು. ಅವರು ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ, ಪರದೆ ಕೆಟ್ಟಾಗಲೂ ಅದನ್ನೇ ಹೇಳಿದ್ದರು. ತರಗತಿ ನಿಲ್ಲಿಸಿಬಿಡೋಣ ಎಂದು ಇಬ್ಬರು ಸದಸ್ಯರು ಹೇಳಿದರು. ಸೂರತ್‌ನ ಪ್ರವಾಹದ ಕಥೆ ತೆಗೆದೆ. ಒಬ್ಬರು ವಾಚು ನೋಡಿಕೊಂಡರು. ತರಗತಿಗೆ ಬಂದವರಲ್ಲಿ ನಾವು ಯಾರ ಧರ್ಮವನ್ನೂ ಕೇಳಿಲ್ಲ ಎಂದೆ. ಅದೇ ತಪ್ಪು ಎಂದರು ಕಾರ್ಯದರ್ಶಿ ಮಾಸ್ತರು, ಕೇಳಿ ಬರೆದಿಟ್ಟುಕೊಂಡಿದ್ದರೆ ಇವತ್ತು ತೋರಿಸಬಹುದಿತ್ತು. ಎರಡು ಗಂಟೆ ಹೀಗೇ ಎಳೆದಾಡಿ ನನ್ನ ತಾಳ್ಮೆ ಪೂರ್ತಿ ಸೋರಿಹೋಯಿತು. ಆಗ ನನ್ನ ಬಾಯಿಂದಲೇ ಆ ಮಾತು ಬಂತು. ಬಂದ ಹೆಂಗಸರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರೆ ಆಯಿತಲ್ಲ, ನಾನೇ ಬರೆದುಕೊಡುತ್ತೇನೆ, ವಿಷಯ ಮುಗಿಸಿ.

ಎಲ್ಲರ ಮುಖ ಅರಳಿತು. ಸಭೆಗೆ ತರಿಸಿದ್ದ ಖಮಣ್ ತಿಂಡಿಯ ತಟ್ಟೆ ಆಗ ನನ್ನ ಕಡೆಗೂ ಬಂತು.

ಆ ರಾತ್ರಿ ಊಟಕ್ಕೆ ಮೊದಲೇ ಕೂತು ಬರೆದು ಮುಗಿಸಿದೆ. ಮೂವತ್ತು ವರ್ಷ ವಿಮೆ ಕಚೇರಿಯಲ್ಲಿ ಮಾಡಿದ್ದು ಇದನ್ನೇ. ಒಂದು ತೂತೂ ಇಲ್ಲದಂತೆ ಬರೆದೆ. ನಾನು ಇಂಥವಳು, ಇಂಥವರ ಹೆಂಡತಿ, ಧರ್ಮ ಇಂಥದ್ದು, ಸ್ವಂತ ಇಚ್ಛೆಯಿಂದ ಬರುತ್ತಿದ್ದೇನೆ. ಧರ್ಮ ಬದಲಿಸುವಂತೆ ಯಾರೂ ನನಗೆ ಒತ್ತಾಯ ಮಾಡಿಲ್ಲ, ಆಸೆ ತೋರಿಸಿಲ್ಲ, ಬಟ್ಟೆ, ಆಹಾರ, ಔಷಧಿ ಕೊಟ್ಟಿಲ್ಲ. ಬರೆಯುತ್ತಾ ಬರೆಯುತ್ತಾ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ, ಹಳೇ ಕೆಲಸ ಕೈಗೆ ಸಿಕ್ಕಿತ್ತು. ಇದರ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೆ ಸಲ್ಲಿಸಲಾಗುವುದು ಎಂಬ ಸಾಲನ್ನು ಮಾಸ್ತರು ಆಮೇಲೆ ಸೇರಿಸಿದರು. ನಾನು ಬೇಡ ಎನ್ನಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು.

ಯಜಮಾನರು ಕನ್ನಡಕ ಏರಿಸಿಕೊಂಡು ಓದಿದರು. "ಇದನ್ನ ಓದಿದ ಮ್ಯಾಲ ಯಾರರೆ ಬರ್ತಾರೇನ?" ಎಂದರು.

"ಯಾರು ಓದ್ತಾರ್ರೀ ಇದನ್ನ? ಸಹಿ ಮಾಡಿ ಕೊಡ್ತಾರ," ಎಂದೆ ನಾನು.

ಓದಲು ಕಲಿಸುವವಳು ಆಡಿದ ಮಾತು ಇದು. ಅವರು ಕನ್ನಡಕ ತೆಗೆದಿಟ್ಟು ಎದ್ದು ಹೋದರು.

ಬುಧವಾರ ಎಂಟೂ ಜನರ ಮುಂದೆ ಅಚ್ಚಾದ ಒಂದೊಂದು ಹಾಳೆ ಇಟ್ಟೆ. ಕಚೇರಿಯ ಅಭ್ಯಾಸದಂತೆ ಸಹಿ ಮಾಡಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಟ್ಟಿದ್ದೆ. ಏನಿಲ್ಲ, ಆಫೀಸಿನ ಒಂದು ಕಾಗದ, ಗುರುತಿರುವಲ್ಲಿ ಹೆಸರು ಬರೆಯಿರಿ ಎಂದು ಗುಜರಾತಿಯಲ್ಲಿ ಹೇಳಿದೆ. ನಾಲ್ವರು ತಕ್ಷಣ ಬರೆದರು. ಹೆಸರು ಬರೆಯಲು ಹೊಸದಾಗಿ ಕಲಿತವರಿಗೆ ಅದನ್ನು ಎಲ್ಲಿ ಬರೆಯಲೂ ಸಂಭ್ರಮ. ಇಸ್ತ್ರಿ ಮಾಡುವ ಹೆಂಗಸು ನಾಲಿಗೆ ಕಚ್ಚಿಕೊಂಡು ಅಕ್ಷರ ಅಕ್ಷರವಾಗಿ ಬರೆಯುತ್ತಿದ್ದಳು.

ಕುಂದಾಪುರದವಳು ಪೆನ್ನು ಮುಟ್ಟಲಿಲ್ಲ. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು.

"ಓದೂದೇನ ಬ್ಯಾಡ ಬಿಡ್ರಿ. ಬರೇ ಕಾಗದ ಅದು. ಇಲ್ಲೆ ಒಂದ ಸಹಿ ಮಾಡ್ರಿ, ಸಾಕು," ಎಂದೆ ಕನ್ನಡದಲ್ಲಿ.

"ಅಚ್ಚಿನ ಅಕ್ಷರ ಅಲ್ದಾ ಅಕ್ಕಾ? ಬತ್ತ್ ನಂಗೆ," ಎಂದು ನಕ್ಕಳು. ಅವಳಿಗೆ ಅದು ಪರೀಕ್ಷೆಯ ಹಾಗೆ ಕಂಡಿತ್ತು. ಗುರುವಿನ ಮುಂದೆ ಓದಿ ತೋರಿಸುವ ಉತ್ಸಾಹ. ಒಂದೊಂದೇ ಪದವನ್ನು ಗಟ್ಟಿಯಾಗಿ ಬಿಡಿಸಿ ಓದತೊಡಗಿದಳು. ಇಡೀ ಹಾಲ್ ಕೇಳಿಸಿಕೊಂಡಿತು. ಧರ್ಮ ಎಂಬಲ್ಲಿ ಒಮ್ಮೆ ನಿಂತಳು, ಒತ್ತಾಯ ಎಂಬಲ್ಲಿ ಅರ್ಥ ಕೇಳಿದಳು, ನಾನು ಹೇಳಿದೆ. ಔಷಧಿ ಎಂಬ ಪದ ಬಂದಾಗ ಬೆರಳು ಅಲ್ಲೇ ಉಳಿಯಿತು. ಪೊಲೀಸ್ ಎಂಬುದನ್ನು ಮಾತ್ರ ಒಂದೇ ಏಟಿಗೆ ಓದಿದಳು. ಅವಳು ಅಷ್ಟು ಸರಾಗವಾಗಿ ಯಾವ ಪದವನ್ನೂ ಅಲ್ಲಿಯವರೆಗೆ ಓದಿರಲಿಲ್ಲ.

"ಪೊಲೀಸ್ ಸ್ಟೇಷನ್ನಿಗ್ ನನ್ ಹೆಸ್ರ್ ಎಂತಕ್ಕೆ ಅಕ್ಕಾ?"

"ನಿಮ್ಮ ಒಳ್ಳೇದಕ್ಕನ ಅದು. ನಾಳೆ ಯಾರೂ ಏನೂ ಅನಬಾರದಂತ," ಎಂದೆ.

"ಧರ್ಮದ್ ಮಾತ್ ಇಲ್ಲಿ ಯಾರ್ ಆಡಿದ್ರ್? ನಾನ್ ಬಂದದ್ದ್ ಮಾತ್ರೆ ಚೀಟಿ ಓದುಕೆ."

ನಾನೂ ಕಮಿಟಿಯಲ್ಲಿ ಹೆಚ್ಚೂಕಡಿಮೆ ಇದನ್ನೇ ಹೇಳಿದ್ದೆ. ಅಲ್ಲಿ ಸೋತು, ಆಮೇಲೆ ಕೂತು ಈ ಹಾಳೆ ಬರೆದಿದ್ದೆ. ಅಷ್ಟರಲ್ಲಿ ಇಸ್ತ್ರಿ ಮಾಡುವ ಹೆಂಗಸು ತಾನು ಅರ್ಧ ಬರೆದ ಹೆಸರಿನ ಮೇಲೆ ಅಂಗೈ ಇಟ್ಟುಕೊಂಡಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸಿ, ಮನೆಯಲ್ಲಿ ತೋರಿಸಿ ತರುತ್ತೇನೆ ಎಂದಳು. ಸಹಿ ಮಾಡಿದ್ದ ನಾಲ್ವರೂ ತಮ್ಮ ತಮ್ಮ ಹಾಳೆ ವಾಪಸ್ ಕೇಳಿದರು. ಕೊಟ್ಟೆ. ಕುಂದಾಪುರದವಳು ತನ್ನದನ್ನು ನೀಟಾಗಿ ನನ್ನ ಕಡೆಗೆ ತಿರುಗಿಸಿ ಮೇಜಿನ ಮೇಲೆ ಇಟ್ಟು, "ಬೇಜಾರ್ ಮಾಡ್ಕಣ್ಬೇಡಿ ಅಕ್ಕಾ," ಎಂದು ಹೇಳಿ ಹೋದಳು. ಆ ದಿನ ಅವಳ ಪೊಟ್ಟಣಗಳನ್ನು ಓದುವುದೂ ಮರೆತುಹೋಯಿತು, ಅವಳಿಗೂ ನನಗೂ.

ಮುಂದಿನ ಬುಧವಾರ ಒಬ್ಬರೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಒಂದು ಗಂಟೆ ಕೂತು, ಎದ್ದು ಬಂದೆ. ಮಾಸ್ತರಿಗೆ ವಿಷಯ ತಿಳಿಸಿದಾಗ ಅವರು ನಿಟ್ಟುಸಿರು ಬಿಟ್ಟರು, ದುಃಖದ್ದಲ್ಲ.

"ನಾವು ಯಾರನ್ನೂ ಬರಬೇಡಿ ಅಂತ ಹೇಳಲಿಲ್ಲವಲ್ಲ ಬೇನ್," ಎಂದರು.

ನಿಜವೇ. ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ. ಬೈಕಿನವರು ಮತ್ತೆ ಬರಲೂ ಇಲ್ಲ, ಬರುವ ಅಗತ್ಯವೇ ಉಳಿದಿರಲಿಲ್ಲ. ಬುಧವಾರದ ಹೊತ್ತು ಆ ಹಾಲ್ ಹಾಡಿನ ತಂಡದ ಅಭ್ಯಾಸಕ್ಕೆ ಹೋಯಿತು. ನೆರೆಯವರನ್ನು ಪ್ರೀತಿಸುವುದರ ಬಗ್ಗೆ ಅವರು ಆ ತಿಂಗಳು ಕಲಿತ ಹಾಡು ಕೇಳಲು ಇಂಪಾಗಿಯೇ ಇತ್ತು. ನಾನು ಅದನ್ನು ಕೇಳಿ ಹಲ್ಲು ಕಡಿದೆ. ನಮ್ಮ ಜನರ ಮೇಲೆ ನನಗಿರುವ ಸಿಟ್ಟು ಹೊರಗಿನವರ ಮೇಲಿನ ಸಿಟ್ಟಿಗಿಂತ ಹೆಚ್ಚು. ಹೊರಗಿನವರು ನಮ್ಮನ್ನು ಅನುಮಾನಿಸಿದರು, ನಾವು ಆ ಅನುಮಾನವನ್ನು ಅಚ್ಚು ಹಾಕಿಸಿ ಹಂಚಿದೆವು. ಹೀಗೆ ಹೇಳುವಾಗಲೂ ನಾವು ಎನ್ನುತ್ತೇನೆ ನೋಡಿ. ಅಚ್ಚು ಹಾಕಿಸಿದವಳು ನಾನು, ಬೋಡಕ್‌ದೇವ್‌ನ ಝೆರಾಕ್ಸ್ ಅಂಗಡಿಯಲ್ಲಿ.

ಮೂರನೇ ವಾರ ತಡೆಯಲಾಗದೆ ಅವಳ ಕೋಣೆ ಹುಡುಕಿಕೊಂಡು ಹೋದೆ. ಹೋಟೆಲಿನ ಹಿಂದಿನ ಓಣಿ, ಮೂರು ಮಹಡಿಯ ಹಳೇ ಕಟ್ಟಡ, ಮೆಟ್ಟಿಲ ತುಂಬ ಸಾಂಬಾರಿನ ವಾಸನೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಅವಳು ಆಗತಾನೇ ಮೇಲೆ ಬಂದಿದ್ದಳು. ನನ್ನನ್ನು ನೋಡಿ ಬಾಗಿಲನ್ನು ಅರ್ಧ ತೆರೆದಳು, ಒಳಗೆ ಬನ್ನಿ ಎನ್ನಲಿಲ್ಲ. ನಮ್ಮ ಕಡೆಯ ಹೆಂಗಸೊಬ್ಬಳು ಮನೆಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಬೇಕಾದರೆ ಅವಳಿಗೆ ಎಷ್ಟು ಕಷ್ಟವಾಗುತ್ತದೆ ಎಂದು ನನಗೆ ಗೊತ್ತು. ಅವಳ ಕೈ ಸೆರಗನ್ನು ತಿರುಚುತ್ತಲೇ ಇತ್ತು. ಹಿಂದೆ ಮಂಚದ ಮೇಲೆ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಚರ್ಚಿಗೆ ಬರೂದ ಬ್ಯಾಡ. ನಾನ ವಾರಕ್ಕೊಮ್ಮೆ ಇಲ್ಲಿಗೇ ಬರ್ತೀನಿ. ಕಾಗದ ಇಲ್ಲ, ಸಹಿ ಇಲ್ಲ," ಎಂದೆ.

ಅವಳು ದನಿ ತಗ್ಗಿಸಿದಳು. "ಹೋಟ್ಲ್ ಧಣಿಗಳಿಗೆ ಗೊತ್ತಾಯ್ತ್ ಅಕ್ಕಾ. ಇಸ್ತ್ರಿಯವಳ್ ಹೋಟ್ಲ್ ಬಟ್ಟೆ ಕೊಡುಕೆ ಬಂದಾಗ ಆ ಕಾಗ್ದ ನಮ್ಮ ಮ್ಯಾನೇಜರ್ ಹತ್ರ ಓದ್ಸಿದ್ಲಂಬ್ರ್. ಪೊಲೀಸ್ ಗಿಲೀಸ್ ಅಂತ ಹೋಟ್ಲಿಗ್ ಯಾರಾದ್ರೂ ಬಂದ್ರೆ ರೂಮ್ ಖಾಲಿ ಮಾಡ್ಕ್ ಅಂದ್ರ್. ಇವ್ರನ್ ಕಟ್ಕಂಡ್ ನಾನ್ ಎಲ್ಲಿಗ್ ಹೋಪುದ್?"

"ಅಂಥಾದ್ದೇನೂ ಇಲ್ಲವಾ. ಅಲ್ಲೆ ನಾವು ಮಾಡಿದ್ದಾದರೂ ಏನು? ನಿಮಗ ಗೊತ್ತದಲ್ಲ?"

"ನಂಗ್ ಗೊತ್ತಿತ್ತ್. ಆದ್ರೆ ಎಂತದೂ ಇಲ್ದಿದ್ರೆ ನೀವ್ ಬರ್ದದ್ದ್ ಎಂತಕ್ಕೆ ಅಕ್ಕಾ? ಅವ್ರ್ ಕೇಂಡ್ರ್ ಹೀಂಗೆ. ನಂಗ್ ಹೇಳುಕೆ ಬರ್ಲಿಲ್ಲೆ."

ಎದುರಿನ ಕೋಣೆಯ ಬಾಗಿಲಲ್ಲಿ ಒಬ್ಬಳು ಅಕ್ಕಿ ಆರಿಸುತ್ತ ನಮ್ಮನ್ನೇ ನೋಡುತ್ತಿದ್ದಳು. ಕಡೇಪಕ್ಷ ಪೊಟ್ಟಣಗಳನ್ನು ತನ್ನಿ, ಇಲ್ಲೇ ನಿಂತು ಓದಿ ಹೇಳುತ್ತೇನೆ ಎಂದೆ. ಅವಳು ಎದುರು ಬಾಗಿಲನ್ನು ನೋಡಿ ತಲೆಯಾಡಿಸಿದಳು.

"ಮತ್ತ ಮಾತ್ರಿ ಹ್ಯಾಂಗ ಕೊಡ್ತೀರಿ ಈಗ?"

"ಅಂದಾಜ್ ಮೇಲ್ ಕೊಡ್ತೆ ಅಕ್ಕಾ," ಎಂದಳು. ಗಂಡ ಒಳಗಿನಿಂದ ಏನೋ ತೊದಲಿದ. ಅವಳು ಬಂದೆ ಎಂದು ಅವನಿಗೆ ಹೇಳಿ, ನನಗೆ ಕೈಮುಗಿದು ಬಾಗಿಲು ಹಾಕಿಕೊಂಡಳು.